ಎರಡು ನಿಮಿಷ

ಒದ್ದೆ ಸ್ಪಂಜಿನ ನೂರಾ ಇಪ್ಪತ್ತೆಂಟು ಬೊಟ್ಟು,
ಬಲೆಯಂಥ ಟೋಪಿ. ಊಕುವಿನ ತಲೆಗೆ ತೊಡಿಸುವಾಗ
ಉಪ್ಪುನೀರು ಕಿವಿಯ ಹಿಂದೆ ಇಳಿಯಿತು.
ಅಳಲಿಲ್ಲ. ನನ್ನ ಹೆಬ್ಬೆರಳನ್ನೇ ಬಾಯಿಗೆಳೆದುಕೊಂಡ.
ಏಳು ತಿಂಗಳು. ನೆತ್ತಿ ಇನ್ನೂ ಮೆತ್ತಗೆ,
ಮುಟ್ಟಿದರೆ ಒಳಗಿನಿಂದ ಯಾರೋ ಕದ ತಟ್ಟಿದ ಹಾಗೆ.

ತಾರ್ತುವಿನಲ್ಲಿ ಫೆಬ್ರವರಿ.
ಕಿಟಕಿಯಾಚೆ ಎಮಾಯೊಗಿ ಹೆಪ್ಪುಗಟ್ಟಿದೆ.
ತಾಯಿಹೊಳೆ ಅಂತ ನಮ್ಮ ಮಾತಿನಲ್ಲಿ ಅರ್ಥ;
ಕೆಳಗೆ ಹರಿಯುತ್ತಲೇ ಇರುತ್ತದಂತೆ, ನಂಬಬೇಕು.

ಪ್ರಯೋಗ ಸರಳ. ತ್ರೀನು ಮಗನೆದುರು ಕೂತು
ಮೊದಲು ಆಡಿಸಬೇಕು. ಗಂಟೆ ಬಾರಿಸಿದಾಗ
ಫೋನು ನೋಡಬೇಕು. ಎರಡೇ ನಿಮಿಷ.
ಮೂಲೆಯಲ್ಲಿ ಗಂಟೆ ಹಿಡಿದು ಕೂತ ನಾನು ಗೋಡೆಯಾಗಿರಬೇಕು:
ನಗಬಾರದು, ಹುಬ್ಬು ಕೂಡ ಎತ್ತಬಾರದು.

ಬಾರಿಸಿದೆ.
ಊಕು ಮೊದಲು ನಕ್ಕ, ಹಳೇ ಗಿರಾಕಿಯ ಸಲಿಗೆಯಲ್ಲಿ.
ಆಮೇಲೆ ಅಂಗೈ ತೆರೆದು ಮುಚ್ಚಿದ.
ಆಮೇಲೆ ಒಂದು ಕೂಗು, ತುದಿಯಲ್ಲಿ ಪ್ರಶ್ನೆಚಿಹ್ನೆ ಇರುವಂಥದ್ದು.
ಅವಳ ಮುಖದ ಮೇಲೆ ನೀಲಿ ಬೆಳಕು
ಸರಿಯುತ್ತಲೇ ಇತ್ತು,
ಮುಖ ಮಾತ್ರ ಸರಿಯಲಿಲ್ಲ.
ಕಾಲುಚೀಲ ಕಿತ್ತ. ಅದರ ಜೊತೆಗೇ ಏನೋ ಮಾತಾಡಿದ.
ಪರದೆಯಲ್ಲಿ ಗೆರೆಗಳು ಏರಿದವು, ಬಿದ್ದವು.
ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ,
ಯಾವ ಗೆರೆ ದುಃಖ ಅಂತ ಇವತ್ತಿಗೂ
ಬೆರಳಿಟ್ಟು ತೋರಿಸಲಾರೆ.
ಡಾಕ್ಟರು ತೋರಿಸುತ್ತಾರೆ. ಇರಬಹುದು.

ಆಗ ಅವನು ನನ್ನ ಕಡೆ ತಿರುಗಿದ.

ಗೋಡೆಯನ್ನು ಯಾರೂ ಹಾಗೆ ನೋಡುವುದಿಲ್ಲ.
ನನ್ನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು, ಎರಡು ಸಲ;
ಕತ್ತಲಲ್ಲೂ ಹಟ್ಟಿಯ ದಾರಿ ಬಲ್ಲ ಹಸುವಿನ ಹಾಗೆ
ಕೈ ತಾನೇ ಹೊರಟಿತು.
ನಡುವೆ ನಿಲ್ಲಿಸಿದೆ. ನಾಚಿಕೆಯಾಯಿತು,
ಆ ನಾಚಿಕೆಗೇ ಇರಬೇಕು, ಬಾಯಿ ಅಗಲವಾಯಿತು
ಹಲ್ಲು ಕಾಣುವಷ್ಟು.
ಅವನೂ ತೋರಿಸಿದ, ಇದ್ದ ಎರಡನ್ನೂ.

ಮತ್ತೆ ಗಂಟೆ. ತ್ರೀನು ತಲೆಯೆತ್ತಲಿಲ್ಲ.
ಇನ್ನೊಮ್ಮೆ ಬಾರಿಸಿದೆ.
“ಓ, ಮುಗಿಯಿತಾ?
ಈಗಷ್ಟೇ ಶುರುವಾಯಿತು ಅಂದುಕೊಂಡೆ.”
ಮಗುವನ್ನೆತ್ತಿ ಕೆನ್ನೆಗೊತ್ತಿಕೊಂಡಳು, ಒಳ್ಳೆಯ ಹುಡುಗಿ,
ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣು.

ಹಾಳೆಯಲ್ಲಿ ಬರೆದೆ: ಮಾಪನ ಕೆಟ್ಟಿದೆ.
ಕಾರಣ ಬರೆಯುವ ಖಾನೆ ಬಹಳ ಚಿಕ್ಕದು.

ಟೋಪಿ ತೊಳೆಯಲು ನಲ್ಲಿಯ ಕೆಳಗೆ ಹಿಡಿದೆ.
ಸ್ಪಂಜುಗಳಲ್ಲಿ ಇನ್ನೂ ಅವನ ನೆತ್ತಿಯ ಬಿಸಿ.
ಕೂಡಲೇ ತಣ್ಣೀರು ಬಿಡಬೇಕು ಅಂತ ನಿಯಮ.
ಸ್ವಲ್ಪ ಹೊತ್ತು ಬಿಡಲಿಲ್ಲ.