ಬ್ರೇಕ್ ವ್ಯಾನಿನ ಅಳತೆ

ಅಂಗಡಿಗೆ ಹೋಗೂಮುಂದ ಒಂದು ಲಾಡಿ ಒಯ್ದಿದ್ದೆ,
ಲಂಗದ ಹಳೇ ಲಾಡಿ, ಎರಡು ಗಂಟು ಹಾಕಿದ್ದು.
ಈ ಗಂಟಿನಿಂದ ಆ ಗಂಟಿಗೆ
ಬ್ರೇಕ್ ವ್ಯಾನಿನ ಬೆಂಚಿನ ಕೆಳಗಿನ ಜಾಗ.
ಮೊದಲು ಅಲ್ಲಿ ಗಾರ್ಡಿನ ಕಬ್ಬಿಣದ ಪೆಟ್ಟಿಗೆ ಇರ್ತಿತ್ತು,
ಈಗ ಪೆಟ್ಟಿಗೆ ಹೋಗಿ ಗಾಲಿ ಚೀಲ ಬಂದದ.
ಖಾಲಿ ಜಾಗ ಖಾಲಿ ಬಿಡಬ್ಯಾಡ ಅಂತಿದ್ದಳು ಅವ್ವ,
ಧೂಳು ಬಂದು ನಂದು ಅಂತದ.

ಕಲಬುರಗಿ ಸೂಪರ್ ಮಾರ್ಕೆಟಿನ ಹಿಂದಿನ ಗಲ್ಲಿ.
ಹಾರ್ಮೋನಿಯಂ ನಡಕ್ಕ ಕೂತ ದಸ್ತಗೀರ್ ಚಾಚಾ
ಮ್ಯಾಗಿನಿಂದ ದೊಡ್ಡದೊಂದು ಇಳಿಸಿದ:
"ದನಿ ನೋಡ್ರಿ ಮೇಡಂ, ಬಾವಿ ಇದ್ದಂಗದ."
ಲಾಡಿ ಹಿಡಿದೆ. ಒಂದು ಗೇಣು ಹೆಚ್ಚು.
ಇನ್ನೊಂದು. ನಾಕು ಬೆರಳು ಹೆಚ್ಚು.
"ಕುರ್ತಾ ಹೊಲಿಸಾಕ ಬಂದೀರೇನು?" ಅಂದ.
ಕಡೀಗೆ ಡೋಲಕಿನ ಹಿಂದಿನಿಂದ
ಒಂದು ಕುಳ್ಳ ಗಿಟಾರ್ ತೆಗೆದ.
ಆರೂ ತಂತಿ ಅವ, ಹೊಟ್ಟಿ ಮಾತ್ರ ಒಳಗ ಹೋಗ್ಯದ
ರೋಜಾ ಹಿಡಿದ ಹುಡುಗನ ಹಂಗ.
"ಆಟಿಗಿ ಅಲ್ಲರೀ, ಖರೇನ ಬಾರಿಸ್ತದ.
ಆದ್ರ ತಳದ ದನಿ ಕೇಳಬ್ಯಾಡ್ರಿ ಇದಕ್ಕ,
ಎದಿ ಇದ್ದಷ್ಟೇ ಉಸಿರು."

ಗಂಟಿನಿಂದ ಗಂಟಿಗೆ ಸರಿ ಕೂತಿತು.
ಒಂದು ಕಟ್ಟು ತಂತಿ ಬಿಟ್ಟಿ ಕೊಟ್ಟ,
ಹೆಣ್ಣುಮಗಳು ಗೂಡ್ಸಿಗೆ ಗಾರ್ಡ್ ಅಂತೋ,
ಅಳತೆ ತಂದ ಗಿರಾಕಿ ನಾನೇ ಮೊದಲು ಅಂತೋ.

ವಾಡಿಯಿಂದ ಸಿಮೆಂಟು, ನಲವತ್ತೆರಡು ವ್ಯಾಗನ್.
ಮುಂದ ಇಂಜಿನ್ನಿನಾಗ ಸಿದ್ರಾಮಪ್ಪ, ಹಿಂದ ನಾನು,
ನಡಕ್ಕ ಅರ್ಧ ಕಿಲೋಮೀಟರಿಗಿಂತ ಹೆಚ್ಚು ಸಿಮೆಂಟು.
ನಾಲವಾರದಾಗ ಲೂಪಿಗೆ ಹಾಕಿದ್ರು.
ಒಂದಾದ ಮ್ಯಾಲ ಒಂದು ಎಕ್ಸ್‌ಪ್ರೆಸ್ ದಾಟಿಸ್ತಾರ,
ಕಿಟಕಿಗುಂಟ ಮಂದಿ ನಮ್ಮನ್ನ ಗ್ವಾಡಿ ಅಂತ ತಿಳೀತಾರ.
ತಗಡು ಕಾದು ತಂತಿ ಎಲ್ಲ ಸಡಲಿದ್ದವು.
ತೊಗರಿ ಕೊಯ್ದ ಹೊಲದಾಗ ಒಂದು ಕೊಕ್ಕರೆ,
ಅದಕ್ಕೂ ಯಾವ ಸಿಗ್ನಲ್ಲಿಲ್ಲ.

ಹ್ಯಾಂಡ್ ಬ್ರೇಕಿನ ಚಕ್ರ ತಿರುವಿ ತಿರುವಿ
ನನ್ನ ಅಂಗೈ ಶಹಾಬಾದಿ ಕಲ್ಲಾಗ್ಯದ.
ಆದ್ರ ತಂತಿ ಕೇಳೂದು ಬೆರಳ ತುದಿ,
ಅಲ್ಲಿ ನಾನಿನ್ನೂ ಮೆತ್ತಗ.
ಮೂರು ಬೆರಳಿನ ಹಿಡಿತ ಒಂದು ಬರ್ತದ, ಇನ್ನೊಂದೂ ಬರ್ತದ,
ಒಂದರಿಂದ ಇನ್ನೊಂದಕ್ಕ ಹೋಗೂದ್ರಾಗ
ಪಾಯಿಂಟ್ ಬದಲಿಸಿದಷ್ಟು ಹೊತ್ತು.
ರೊಟ್ಟಿ ತಿಂದು, ಕೈ ಒರಸಿ, ಮತ್ತ ಅದೇ.

ವಾಕಿಟಾಕಿ ತೊಡೀ ಕೆಳಗ ಸಿಕ್ಕಿದ್ದು ಗೊತ್ತೇ ಇಲ್ಲ.
"ಗಾರ್ಡ್ ಮೇಡಂ."
ಜಿಗಿದು ಝಂಡಾ ಹಿಡಿದೆ. "ಸಿಗ್ನಲ್ ಬಿತ್ತೇನ್ರಿ?"
"ಇಲ್ಲ. ನಿಮ್ಮದು ಎರಡನೇ ತಂತಿ ಇಳದದ."
ನಾಚಿಕಿಗೆ ಕಿವಿ ಸುಟ್ಟವು.
"ನಿಮಗ ಹೆಂಗ ತಿಳೀತರಿ?"
ಗರಗರ ಸದ್ದು, ಆಮ್ಯಾಲ ಅವನ ದನಿ:
"ನಮ್ಮಪ್ಪ ಏಕತಾರಿ ಹಿಡೀತಿದ್ದ.
ಒಂದೇ ತಂತಿ ಇದ್ದಾಂವಗ
ಅದು ತಪ್ಪಿದ್ರ ಏನುಳೀತದ ಹೇಳ್ರಿ.
ತಿರುವ್ರಿ. ಇನ್ನ ಜರಾ.
ಹೆಚ್ಚಾತು, ಹೊಳ್ಳಿ ಬರ್ರಿ.
ಹಾಂ. ಇರಲಿ."

ಇದು ರೂಲಿನಾಗಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.
ಬಾರಿಸ್ರಿ ಅಂತ ಅವ ಅನ್ನಲಿಲ್ಲ,
ಬಾರಿಸಲೇನು ಅಂತ ನಾನು ಕೇಳಲಿಲ್ಲ.

ಹಳದಿ ಬಿದ್ದಾಗ ಸಂಜಿ ಆಗಿತ್ತು.
ಗಿಟಾರ್ ಬೆಂಚಿನ ಕೆಳಗ ದೂಡಿ
ರಿಜಿಸ್ಟರಿನಾಗ ಬರದೆ: ನಾಲವಾರ,
ನಿಂತದ್ದು ಮೂರು ತಾಸು ಹತ್ತು ನಿಮಿಷ.
ಹಸರು ದೀಪ ತೋರಿಸಿದೆ.
ಮುಂದ ಸಿದ್ರಾಮಪ್ಪ ಎಳದ.
ಜಗ್ಗು ಒಂದೊಂದೇ ಕೊಂಡಿ ದಾಟಿ
ಖಣ್, ಖಣ್, ದೂರದಿಂದ ಬಂತು, ಹತ್ತರ ಬಂತು,
ಎಲ್ಲಾರಿಗಿಂತ ಕಡೀಗೆ ನನ್ನ ವ್ಯಾನಿಗೆ ಬಡೀತು,
ಯಾರೂ ಮುಟ್ಟದೇ ಬೆಂಚಿನ ಕೆಳಗ
ಆರೂ ತಂತಿ ಝುಂ ಅಂದವು.

ಎರಡನೇದು ಸರಿ ಇತ್ತು.