ಮೂರನೇ ಸಾಲಿನ ಪೆನ್ಸಿಲು

ಹೆಸರು ಬರೆಯಿರಿ ಅಂದೆ. ಬರೆದರು: ಇನ್ನಾಸಪ್ಪ,
ಪೊಲೀಸ್ ಬ್ಯಾಂಡಿನ ಹಾಜರಿ ಪುಸ್ತಕದಲ್ಲಿ
ಮೂವತ್ತೊಂದು ವರ್ಷ ಬರೆದ ಹಾಗೇ, ಗುಂಡಗೆ.
ಹತ್ತು ನಿಮಿಷ ಬಿಟ್ಟು ಅದೇ ಹಾಳೆ ತೋರಿಸಿದೆ.
ನೋಡಿದರು. ತಿರುಗಿಸಿ ನೋಡಿದರು.
‘ಯಾರದಮ್ಮಾ ಈ ಕೈಬರಹ? ಮುದ್ದಾಗಿದೆ.’

ಕಿಟಕಿಯಾಚೆ ಹೊಸೂರು ರಸ್ತೆ, ಸಿಗ್ನಲ್ಲಿಗೆ ನಿಂತ ಬಸ್ಸುಗಳು.
ನಂಬರು ಹೇಳುತ್ತಾರೆ, ಊರು ಹೇಳಲಾರರು:
‘ಮುನ್ನೂರ ಅರವತ್ತು… ಎಲ್ಲಿಗೋ ಹೋಗತ್ತೆ ಬಿಡಿ.’

ಫಿಲ್ಮಿನಲ್ಲಿ, ತಲೆಯ ಹಿಂಬದಿ, ಎಡಕ್ಕೆ,
ಹುಣಸೆಬೀಜದಷ್ಟು ಮಸಿ.
ಅಕ್ಷರವೇನೂ ಸತ್ತಿಲ್ಲ, ಅವರ ಮಗಳಿಗೆ ಹೇಳಿದೆ,
ಅಲ್ಲಿಗೆ ಹೋಗುವ ದಾರಿ ಅಗೆದುಹೋಗಿದೆ.
ಫಿಲೋಮಿನಾ ನಗಲಿಲ್ಲ: ‘ನಮ್ಮ ವಿಲ್ಸನ್ ಗಾರ್ಡನ್ನಿನ
ಏಳನೇ ಕ್ರಾಸ್ ಹಾಗೆ ಅನ್ನಿ.
ಯಾವಾಗ ಮುಚ್ಚುತ್ತಾರೆ?’

ಮಂಗಳವಾರ ಬೆಡ್‌ಶೀಟಿನಲ್ಲಿ ಸುತ್ತಿ ಕ್ಲಾರಿನೆಟ್ ತಂದಳು,
ಜೊತೆಗೆ, ಅಂಚು ಮುಕ್ಕಾದ ಹಾಳೆ.
ಐದೈದು ಗೆರೆ, ಮೇಲೆಲ್ಲ ಸಾಸಿವೆ ಸಿಡಿದ ಹಾಗೆ.
ನನಗೆ ಅದು ಓದಲು ಬಾರದು.
ಅವರಿಗೆ ಬಂತು.

ಬಾಯಿಪಾಠ ಇರಬೇಕು. ನಡುವಿನ ಸಾಲಿಗೆ ಬೆರಳಿಟ್ಟೆ.
ಅಲ್ಲಿಂದಲೇ ಹೊರಟರು.
ಕಾರಿಡಾರಿನಲ್ಲಿ ಟ್ರಾಲಿ ತಳ್ಳುತ್ತಿದ್ದವನು ನಿಂತ.
ತಟ್ಟನೆ ಅಂಗೈಯಲ್ಲಿ ಹಾಳೆ ಮುಚ್ಚಿದೆ.
ಮುಚ್ಚಿದ ಮೇಲೂ ನಾಲ್ಕು ಸ್ವರ ಬಂದವು.
ಆಮೇಲೆ ಮೌನ.
ಮೆಜೆಸ್ಟಿಕ್ಕಿನಲ್ಲಿ ಬಸ್ಸು ನಿಲ್ಲುವ ಮುಂಚೆಯೇ
ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಿಲ್ಲವೇ,
ಕಣ್ಣು ಹಾಗೆ ಮುಂದೆ ಓಡಿ
ಬೆರಳಿಗೆ ನಾಲ್ಕು ಜಾಗ ಹಿಡಿದಿಟ್ಟಿತ್ತು.
‘ಕೈ ತೆಗೀರಿ ಮೇಡಂ,’ ಗದರಿದರು, ಹವಾಲ್ದಾರನಾಗಿ.

ಮೂರನೇ ಸಾಲಿನ ನೆತ್ತಿಯ ಮೇಲೆ
ಪೆನ್ಸಿಲಿನಲ್ಲಿ ಸಣ್ಣದೊಂದು ಮಾತು, ಮೂರೇ ಅಕ್ಷರ,
ಅದೇ ಗುಂಡನೆಯ ಕೈ.
ಇದೇನು ಅಂದೆ.
ಕನ್ನಡಕ ಒರೆಸಿದರು. ಹಾಳೆಯನ್ನು ಬೆಳಕಿಗೆ ಹಿಡಿದರು.
‘ಮಕ್ಕಳು ಗೀಚಿರಬೇಕು.’

ಮತ್ತೆ ಮೊದಲಿನಿಂದ. ನಾನು ಹಾಳೆ ನೋಡಲಿಲ್ಲ,
ಅವರನ್ನೇ ನೋಡಿದೆ.
ಮಕ್ಕಳು ಗೀಚಿದ್ದ ಜಾಗಕ್ಕೆ ಬಂದರು.
ಹೆಗಲೆರಡೂ ಮೇಲೆದ್ದವು, ತುಟಿಯ ಓರೆ ತೆರೆಯಿತು,
ಎದೆ ತುಂಬಿತು.

‘ಉಸಿರು’ ಎಂದು ಬರೆದಿತ್ತು ಅಲ್ಲಿ.

ಫಾರಮ್ಮಿನಲ್ಲಿ ‘ಓದು’ ಎಂಬ ಕಾಲಂ ಇನ್ನೂ ಖಾಲಿ.
ಐದು ಗಂಟೆಗೆ ಕೊಡಬೇಕು.