ಹಿಂದಿನ ಪರದೆ

ಬನಹಟ್ಟಿಯ ನನ್ನ ಸ್ಟುಡಿಯೋದಾಗ
ಬಿಳಿ ಪರದೆ ಮುಂದ ಕುಂತಿದ್ದ ದಾವಲ.
ನಗಬ್ಯಾಡೋ, ಅಂದೆ, ವೀಸಾಕ್ಕ ನಗೂದು ನಡಿಯಂಗಿಲ್ಲ,
ಎರಡೂ ಕಿವಿ ಕಾಣಬೇಕು.
ಅಮ್ಮಿಯ ಬಂಗಾರ ಏಜೆಂಟನ ಕೈ ಸೇರಿತ್ತು.
ಮಗ್ಗದ ಹತ್ತಿಧೂಳು ಇನ್ನೂ ಹುಬ್ಬಿನ ಮ್ಯಾಲಿತ್ತು,
ನಾನ ಒರಸಿದೆ.

ಈಗ ಪೋರ್ಚುಗಲ್‌ನಿಂದ ಫೋಟೋ ಕಳಸತಾನ, ನಡುರಾತ್ರಿ:
ಪ್ಲಾಸ್ಟಿಕ್ ಚಪ್ಪರದಡಿ ಕೆಂಪು ಹಣ್ಣಿನ ಡಬ್ಬಿ,
ಒಂದ ಖೋಲಿಯೊಳಗ ಹನ್ನೊಂದು ಹಾಸಿಗಿ,
ಮುಳ್ಳು ಗೀರಿದ ಕೈ.
‘ಕಾಕಾ, ಇದನ್ನೆಲ್ಲಾ ತಗದು ಹಿಂದ ಸಮುದ್ರ ಹಾಕು.
ಒಂದು ಕಾರೂ ಇರಲಿ.
ಭಾಳ ದೊಡ್ಡದು ಬ್ಯಾಡ, ಅಮ್ಮಿ ನಂಬಂಗಿಲ್ಲ.’

ಹಾಕಿದೆ.
ಜಮಖಂಡಿಯ ಯಾರದೋ ಮದವಿ ಕಾರು ಕತ್ತರಿಸಿ ಹಚ್ಚಿದೆ,
ನಂಬರ್ ಒರಸಿದೆ.
ನೆರಳು ಮಾತ್ರ ಹೊಂದಲಿಲ್ಲ,
ಸೂರ್ಯ ಬಲಕ್ಕ, ಇವನ ನೆರಳೂ ಬಲಕ್ಕ.

ಅಮ್ಮಿ ಬಂದು ಫ್ರೇಮು ಹಾಕಿಸಿಕೊಂಡಳು.
ಸಮುದ್ರ ನೋಡಲಿಲ್ಲ.
ಗಾಜಿನ ಮ್ಯಾಲ ಬಟ್ಟಿಟ್ಟು
‘ಸೊರಗ್ಯಾನಲ್ಲ’ ಅಂದಳು, ಅಷ್ಟ.

ಇನ್ನೊಂದು ಪ್ರತಿ ಅಂಗಡಿ ಬಾಗಲಿಗೆ ತೂಗಹಾಕೇನಿ,
ಧಂದೆಕ್ಕ.
ಇವತ್ತ ಮುಂಜಾನೆ ಅದರ ಕೆಳಗ ಮೂರು ಹುಡುಗರು,
ಕಾರು ಯಾವ ಕಂಪನೀದು ಅಂತ ಜಗಳ.
ಮೊದಲು ಬಂದವನ ಗದ್ದ ಎತ್ತಿ
ಕಿವಿ ಸರಿ ಮಾಡಿ
ನಗಬ್ಯಾಡ ಅನ್ನೂದ್ರಾಗ
ನಕ್ಕಬಿಟ್ಟ.